ಕಾರಿನ ಸ್ಟೀರಿಯೋ ಜಾಗಕ್ಕೆ ರಾಸ್ಪ್‌ಬೆರಿ ಪೈ: ಎಸಿಸಿ ವೈರಿಗೆ ನೇರ ಜೋಡಿಸಿದರೆ ಸಾಲದೆ?

ಎರಡನೇಗೇರ್ (ಪ್ರಶ್ನೆ)

ಹಳೆಯ ಡಬಲ್ ಡಿನ್ ಸ್ಟೀರಿಯೋ ತೆಗೆದು ಅದೇ ಜಾಗದಲ್ಲಿ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಚಿಕ್ಕ ಕಂಪ್ಯೂಟರ್ ಬೋರ್ಡ್) ಕೂರಿಸುವ ಯೋಚನೆ. ಸದ್ಯ ಮೇಜಿನ ಮೇಲಿರುವುದು ಇಷ್ಟು: ಪೈ 4 (4 ಜಿಬಿ), 7 ಇಂಚಿನ ಎಚ್‌ಡಿಎಂಐ ಟಚ್ ಸ್ಕ್ರೀನ್, ಎಲ್‌ಎಂ2596 ಬಕ್ ಮಾಡ್ಯೂಲ್ (12 ವೋಲ್ಟನ್ನು 5ಕ್ಕೆ ಇಳಿಸುವುದು), ಟಿಡಿಎ7388 ಇರುವ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಬೋರ್ಡ್, ನೀಲಿ ಬಣ್ಣದ ಎಂಸಿಪಿ2515 ಕ್ಯಾನ್ ಮಾಡ್ಯೂಲ್ (ಕ್ಯಾನ್ ಅಂದರೆ ಗಾಡಿಯ ಕಂಟ್ರೋಲ್ ಯೂನಿಟ್‌ಗಳು ಮಾತಾಡಿಕೊಳ್ಳುವ ತಂತಿಜೋಡಿ). ಆಂಡ್ರಾಯ್ಡ್ ಆಟೋ ಸರಾಗವಾಗಿ ಓಡುತ್ತಿದೆ. ಗಾಡಿಗೆ ಹಾಕುವ ಮೊದಲು ನಾಲ್ಕು ಸಂಶಯ:

1. ಎಸಿಸಿ ವೈರಿನಿಂದ (ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್) ಎಲ್‌ಎಂ2596ಗೆ, ಅಲ್ಲಿಂದ 5 ವೋಲ್ಟ್ ಪೈಗೆ. ಕೀ ತೆಗೆದರೆ ಪವರ್ ತಾನಾಗಿ ಹೋಗುತ್ತದಲ್ಲ, ಅಷ್ಟು ಸಾಲದೆ?
2. ಪೈನ 3.5 ಎಂಎಂ ಜಾಕ್‌ನಿಂದಲೇ ಆಂಪ್ಲಿಫೈಯರಿಗೆ ಆಡಿಯೋ ಕೊಡಬಹುದಾ?
3. ಕ್ಯಾನ್ ಮಾಡ್ಯೂಲನ್ನು ಒಬಿಡಿ ಪೋರ್ಟಿಗೆ (ಗಾಡಿಯ ದೋಷ ತಪಾಸಣೆಯ ಸಾಕೆಟ್) ಜೋಡಿಸಿದರೆ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಏನಾದರೂ ಆಗುತ್ತಾ? ಕೂಲೆಂಟ್ ಟೆಂಪರೇಚರ್, ಆರ್‌ಪಿಎಂ ಕಂಡರೆ ಸಾಕು.
4. ರಿವರ್ಸ್ ಕ್ಯಾಮೆರಾಗೆ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಸಾಕಾ?

ರಿಲೇರಂಗ

ಮೊದಲನೇ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ. ಮೇಜಿನ ಮೇಲೆ ಓಡಿದ ಸಾಫ್ಟ್‌ವೇರ್ ಗಾಡಿಯಲ್ಲೂ ಓಡುತ್ತೆ. ಪವರ್ ಹಾಗಲ್ಲ, ಅಲ್ಲಿ ಮೇಜಿನ ಅನುಭವ ಏನೂ ಕೆಲಸಕ್ಕೆ ಬರಲ್ಲ.

ಸಾಲಲ್ಲ ಅನ್ನುವುದಕ್ಕೆ ಮೂರು ಕಾರಣ.

ಒಂದು, ಕೀ ತೆಗೆದ ಕ್ಷಣ ಪವರ್ ಹೋದರೆ ಪೈ ಶಟ್‌ಡೌನ್ ಆಗಲ್ಲ, ಸಾಯುತ್ತೆ. ಆ ಹೊತ್ತಿಗೆ ಎಸ್‌ಡಿ ಕಾರ್ಡಿಗೆ ಬರೆಯುತ್ತಿದ್ದರೆ ಫೈಲ್ ಸಿಸ್ಟಮ್ ಕೆಡುತ್ತೆ. ನೂರು ಸಲ ಏನೂ ಆಗದೆ ನೂರಾ ಒಂದನೇ ಸಲ ಬೂಟ್ ಆಗದೆ ಕೂರುತ್ತೆ.

ಎರಡು, ಬಹಳಷ್ಟು ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಎಸಿಸಿ ಲೈನನ್ನು ಕೀ ಸ್ವಿಚ್ಚೇ ಕಡಿದುಬಿಡುತ್ತೆ, ಪೂರ್ತಿ ಕರೆಂಟ್ ಸ್ಟಾರ್ಟರಿಗೆ ಸಿಗಲಿ ಅಂತ. ಅಂದರೆ ಕೀ ತಿರುಗಿಸಿದಾಗ ಪೈ ಒಮ್ಮೆ ಹತ್ತಿ, ಆರಿ, ಮತ್ತೆ ಹತ್ತುತ್ತೆ.

ಮೂರು, 12 ವೋಲ್ಟ್ ಅನ್ನುವುದು ಬರೀ ಹೆಸರಿಗೆ. ನಿಂತ ಗಾಡಿಯಲ್ಲಿ 12.6, ಎಂಜಿನ್ ಓಡುವಾಗ 13.8ರಿಂದ 14.4, ಸೆಲ್ಫ್ ಹೊಡೆದ ಕ್ಷಣ 7ಕ್ಕೋ 6ಕ್ಕೋ ಕುಸಿತ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲಾಗಿ ಬಿಟ್ಟುಕೊಂಡರೆ ಬರುವ ಏಟಿಗೆ ಲೋಡ್ ಡಂಪ್ ಅಂತಾರೆ. ಐಎಸ್‌ಒ 16750-2 ಮಾನದಂಡದಲ್ಲಿ, ಆಲ್ಟರ್ನೇಟರ್ ಒಳಗೆ ರಕ್ಷಣೆ ಇಲ್ಲದಿದ್ದರೆ ಅದು 79ರಿಂದ 101 ವೋಲ್ಟ್. ರಕ್ಷಣೆ ಇದ್ದರೆ 35 ವೋಲ್ಟ್. ನಿಮ್ಮ ಎಲ್‌ಎಂ2596 ತಡೆಯುವುದು ಹೆಚ್ಚೆಂದರೆ 40 ವೋಲ್ಟ್. ಜೊತೆಗೆ ಅದರ ಸಾಮರ್ಥ್ಯ 3 ಆಂಪ್, ಅದೂ ಹೀಟ್‌ಸಿಂಕ್ ಇದ್ದರೆ. ಪೈ ಮತ್ತು ಸ್ಕ್ರೀನ್ ಸೇರಿದರೆ ಅದು ಸುಡುತ್ತಾ ಕೂರುತ್ತೆ. ಆ ಮಾಡ್ಯೂಲಿನ ಚಿಕ್ಕ ನೀಲಿ ಪ್ರೀಸೆಟ್ ಇನ್ನೊಂದು ಅಪಾಯ: ಅಲುಗಾಟಕ್ಕೆ ಒಳಗಿನ ಸಂಪರ್ಕ ಬಿಟ್ಟರೆ ಫೀಡ್‌ಬ್ಯಾಕ್ ಹೋಗಿ ಔಟ್‌ಪುಟ್ ಇನ್‌ಪುಟ್ ಮಟ್ಟಕ್ಕೆ ಏರುತ್ತೆ. ಪೈ ಅಲ್ಲಿಗೆ ಮುಗಿಯಿತು.

ಹೀಗೆ ಕಟ್ಟಿ. ಸ್ಟೀರಿಯೋ ಸಾಕೆಟ್‌ನಲ್ಲಿ ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಎಸಿಸಿ, ಕಪ್ಪು ಅರ್ಥ್. ಇದು ಹೊರಗೆ ಸಿಗುವ ಅಡಾಪ್ಟರ್ ಹಾರ್ನೆಸ್‌ನ ಬಣ್ಣ, ಕಂಪನಿ ವೈರಿನ ಬಣ್ಣ ಬೇರೆ ಇರುತ್ತೆ, ಮೀಟರ್ ಹಿಡಿದೇ ಖಚಿತಪಡಿಸಿಕೊಳ್ಳಿ. ಐಎಸ್‌ಒ ಸಾಕೆಟ್ ಇದ್ದರೆ ಎ4 ಸದಾ 12, ಎ7 ಎಸಿಸಿ, ಎ8 ಅರ್ಥ್; ಕೆಲವು ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ 4 ಮತ್ತು 7 ಅದಲುಬದಲು. ಕಂಪನಿ ವೈರ್ ಕತ್ತರಿಸಬೇಡಿ, ಅಡಾಪ್ಟರ್ ತಂದು ಅದನ್ನು ಕತ್ತರಿಸಿ.

ಹಳದಿಯಿಂದ 5 ಆಂಪ್ ಫ್ಯೂಸ್. ಅದಾದ ಮೇಲೆ ಅರ್ಥ್‌ಗೆ ಎಸ್‌ಎಂ8ಎಸ್24ಎ ಟಿವಿಎಸ್ ಡಯೋಡ್ (ವೋಲ್ಟೇಜ್ ಏಟನ್ನು ಅರ್ಥ್‌ಗೆ ಹರಿಸಿಬಿಡುವುದು). ಅಕ್ಕಿಕಾಳಿನಷ್ಟು ಇರುವ 600 ವ್ಯಾಟ್ ಟಿವಿಎಸ್ ಲೋಡ್ ಡಂಪ್‌ಗೆ ನಿಲ್ಲಲ್ಲ. ಎಸ್‌ಎಂ8ಎಸ್ ದೊಡ್ಡದು, ಆ ಕೆಲಸಕ್ಕೇ ಮಾಡಿದ್ದು. ಏಟನ್ನು 39 ವೋಲ್ಟ್ ಆಸುಪಾಸಿಗೆ ತಡೆಯುತ್ತೆ. 24 ವೋಲ್ಟ್‌ನಿಂದ ಯಾರಾದರೂ ಜಂಪ್ ಸ್ಟಾರ್ಟ್ ಮಾಡಿದರೂ ಸುಮ್ಮನಿರುತ್ತೆ. ಅಲ್ಲಿಂದ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಸೇರುವ ಸ್ವಿಚ್) ಸಂಪರ್ಕ, ರಿಲೇಯಿಂದ 5 ವೋಲ್ಟ್ ಕನ್ವರ್ಟರ್. ಕನ್ವರ್ಟರ್ ಸ್ಥಿರ 5 ವೋಲ್ಟ್‌ನದ್ದಾಗಿರಲಿ, 6ರಿಂದ 8 ಆಂಪ್, ಇನ್‌ಪುಟ್ 6 ವೋಲ್ಟ್‌ನಿಂದ ಶುರುವಾಗಿ ಕನಿಷ್ಠ 40 ತಡೆಯಬೇಕು. 9ರಿಂದ 36 ಅಂತ ಬರೆದವನ್ನು ಮುಟ್ಟಬೇಡಿ, ಸೆಲ್ಫ್ ಹೊಡೆದಾಗ ಅವು ಆರಿಹೋಗುತ್ತವೆ.

ಈಗ ರಿಲೇ. 12 ವೋಲ್ಟ್‌ನ ಚಿಕ್ಕ ಚೌಕದ ರಿಲೇ, ಕಾಯಿಲ್ 400 ಓಮ್ ಇರುವುದು, ಸುಮಾರು 30 ಮಿಲಿ ಆಂಪ್ ಎಳೆಯುತ್ತೆ. ಕಾಯಿಲ್‌ನ ಒಂದು ತುದಿ ಫ್ಯೂಸ್ ದಾಟಿದ ಹಳದಿಗೆ. ಇನ್ನೊಂದು ತುದಿಯನ್ನು ಅರ್ಥ್‌ಗೆ ಎಳೆಯಲು ಎರಡು ಬಿಸಿ337 ಟ್ರಾನ್ಸಿಸ್ಟರ್ ಅಕ್ಕಪಕ್ಕ. ಮೊದಲನೆಯದರ ಬೇಸ್‌ಗೆ ಎಸಿಸಿಯಿಂದ 4.7 ಕಿಲೋ ಓಮ್, ಎರಡನೆಯದಕ್ಕೆ ಪೈನ ಜಿಪಿಐಒ 26ರಿಂದ (ಜಿಪಿಐಒ ಅಂದರೆ ಸಾಫ್ಟ್‌ವೇರ್ ಆಳುವ ಪಿನ್) 1 ಕಿಲೋ ಓಮ್. ಎರಡೂ ಬೇಸ್‌ನಿಂದ ಅರ್ಥ್‌ಗೆ 10 ಕಿಲೋ ಓಮ್. ಕಾಯಿಲ್ ಮೇಲೆ 1ಎನ್4007 ತಿರುಗಿಸಿ ಹಾಕಿ, ಮರೆತರೆ ಟ್ರಾನ್ಸಿಸ್ಟರ್ ಹೋಗುತ್ತೆ. ಇಬ್ಬರಲ್ಲಿ ಯಾರು ಹಿಡಿದಿದ್ದರೂ ರಿಲೇ ನಿಲ್ಲುತ್ತೆ, ಇಬ್ಬರೂ ಬಿಟ್ಟರೆ ಬಿಡುತ್ತೆ. ನಿಂತ ಗಾಡಿಯಲ್ಲಿ ಎಳೆತ ಹೆಚ್ಚುಕಡಿಮೆ ಸೊನ್ನೆ.

ಕೀ ಸ್ಥಿತಿ ಪೈಗೆ ತಿಳಿಯಲು ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಮಾತ್ರ ಸಿಗ್ನಲ್ ದಾಟಿಸುವುದು): ಎಸಿಸಿಯಿಂದ 2.2 ಕಿಲೋ ಓಮ್ ಮೂಲಕ ಅದರ ಎಲ್‌ಇಡಿಗೆ, ಎಲ್‌ಇಡಿಗೆ ಅಡ್ಡವಾಗಿ 1ಎನ್4148 ಉಲ್ಟಾ. ಆಚೆ ಬದಿ ಜಿಪಿಐಒ 17ನ್ನು ಅರ್ಥ್‌ಗೆ ಎಳೆಯುತ್ತೆ. ಕೀ ಇದ್ದರೆ ಲೋ, ಇಲ್ಲದಿದ್ದರೆ ಹೈ. ರೆಸಿಸ್ಟರ್‌ನಿಂದ ವೋಲ್ಟೇಜ್ ಭಾಗಿಸಿ ನೇರ ಜಿಪಿಐಒಗೆ ಕೊಡುವ ಚಿತ್ರಗಳು ಬಹಳ ಓಡಾಡುತ್ತವೆ. ಅದು 14 ವೋಲ್ಟ್‌ಗೆ ಸರಿ, ಏಟು ಬಂದಾಗ 3.3 ದಾಟುತ್ತೆ.

ಪೈನ ಕಾನ್ಫಿಗ್ ಫೈಲಿನಲ್ಲಿ ಎರಡೇ ಓವರ್‌ಲೇ (ಯಾವ ಪಿನ್‌ಗೆ ಏನು ಜೋಡಿಸಿದೆ ಅಂತ ತಿಳಿಸುವ ಸಾಲು). ಜಿಪಿಐಒ-ಶಟ್‌ಡೌನ್: ಪಿನ್ 17, ಆಕ್ಟಿವ್-ಲೋ 0, ಪುಲ್ ಅಪ್, ಡಿಬೌನ್ಸ್ 5000. ಈ 5 ಸೆಕೆಂಡ್ ಸೆಲ್ಫ್ ಹೊಡೆಯುವ ಸಮಯವನ್ನು ನುಂಗುತ್ತೆ. ಜಿಪಿಐಒ-ಪವರ್‌ಆಫ್: ಪಿನ್ 26, ಆಕ್ಟಿವ್-ಲೋ 1. ಪೈ ಓಡುವಷ್ಟು ಹೊತ್ತು 26 ಹೈ, ಪೂರ್ತಿ ಹಾಲ್ಟ್ ಆದ ಮೇಲೆ ಲೋ, ರಿಲೇ ಬಿಡುತ್ತೆ.

ಈ ಸರ್ಕ್ಯೂಟಿಗೆ ಎರಡು ಊನ ಇವೆ, ಗೊತ್ತಿದ್ದರೆ ತೊಂದರೆಯಿಲ್ಲ. ಕೀ ಹಾಕಿದ ತಕ್ಷಣ, ಓವರ್‌ಲೇ ಲೋಡ್ ಆಗುವ ಮೊದಲೇ ಸೆಲ್ಫ್ ಹೊಡೆದರೆ ಹಿಡಿಯುವವರಿಲ್ಲದೆ ರಿಲೇ ಬಿಟ್ಟು, ಬೂಟ್ ಮತ್ತೆ ಮೊದಲಿಂದ. ಇನ್ನೊಂದು, ಶಟ್‌ಡೌನ್ ಶುರುವಾದ ಮೇಲೆ ಯಾರಾದರೂ ಮತ್ತೆ ಕೀ ಹಾಕಿದರೆ ಎಸಿಸಿ ರಿಲೇಯನ್ನು ಹಿಡಿದೇ ಇರುತ್ತೆ, ಪೈ ಮಾತ್ರ ಹಾಲ್ಟ್ ಆಗಿ ಮಲಗಿರುತ್ತೆ. ಸ್ಕ್ರೀನ್ ಕಪ್ಪು, ಸಾಫ್ಟ್‌ವೇರ್ ಕೆಟ್ಟಿತು ಅಂತ ಎಸ್‌ಡಿ ಕಾರ್ಡ್ ಫಾರ್ಮ್ಯಾಟ್ ಮಾಡಲು ಹೋಗಬೇಡಿ, ಕೀ ಒಮ್ಮೆ ತೆಗೆದು ಹಾಕಿ. ಇದೂ ಆಗಬಾರದು ಅಂದರೆ ನಡುವೆ ಎಟಿಟೈನಿ85 ಮೈಕ್ರೋಕಂಟ್ರೋಲರ್ ಕೂರಿಸಿ ಸಮಯದ ಲೆಕ್ಕ ಅದಕ್ಕೆ ಬಿಡಬೇಕು.

ಎರಡನೇಗೇರ್

ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ರಿಲೇ ಯಾಕೆ ಬೇಕು? ಪೈ ಹಾಲ್ಟ್ ಆದ ಮೇಲೆ ಎಷ್ಟು ತಾನೇ ಎಳೆಯುತ್ತೆ, ಹಾಗೇ ಬಿಟ್ಟರಾಗದೆ? ಇನ್ನೊಂದು, ಫೋನ್ ಯುಎಸ್‌ಬಿಗೆ ಸಿಕ್ಕಿಸಿದ ತಕ್ಷಣ ಸ್ಕ್ರೀನಿನ ಮೂಲೆಯಲ್ಲಿ ಮಿಂಚಿನ ಚಿಹ್ನೆ ಬರುತ್ತೆ. ಬೇರೆ ಏನೂ ತೊಂದರೆ ಕಾಣಲಿಲ್ಲ.

ತಂತಿಜಾಲ

ಹಾಲ್ಟ್ ಆದ ಬೋರ್ಡ್, ಕನ್ವರ್ಟರ್, ಸ್ಕ್ರೀನಿನ ಸ್ಟ್ಯಾಂಡ್‌ಬೈ ಸೇರಿ ಒಂದೂವರೆ ವ್ಯಾಟ್ ಎಳೆಯಿತು ಅಂತಿಟ್ಟುಕೊಳ್ಳಿ. 12 ವೋಲ್ಟ್‌ನಲ್ಲಿ 125 ಮಿಲಿ ಆಂಪ್, ದಿನಕ್ಕೆ 3 ಆಂಪ್ ಅವರ್. 45 ಆಂಪ್ ಅವರ್ ಬ್ಯಾಟರಿ ಒಂದು ವಾರದಲ್ಲಿ ಅರ್ಧಕ್ಕೆ ಇಳಿಯುತ್ತೆ, ಆಮೇಲೆ ಸೆಲ್ಫ್ ಎತ್ತಲ್ಲ. ಇಡೀ ಗಾಡಿ ನಿಂತಾಗ ಎಳೆಯಬೇಕಾದ್ದು 50 ಮಿಲಿ ಆಂಪ್ ಒಳಗೆ ಅನ್ನುವುದು ಸಾಮಾನ್ಯ ಲೆಕ್ಕ. ರಿಲೇ ಅದಕ್ಕೇ. ಕೆಲಸ ಮುಗಿದ ಮೇಲೆ ಬ್ಯಾಟರಿ ನೆಗೆಟಿವ್‌ನಲ್ಲಿ ಮೀಟರ್ ಹಾಕಿ ಅಳೆಯಿರಿ. ಆದರೆ ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು. ಗಾಡಿಯ ಕಂಟ್ರೋಲ್ ಯೂನಿಟ್‌ಗಳು ಮಲಗಲು ಅಷ್ಟು ಹೊತ್ತು ಬೇಕು.

ಮಿಂಚಿನ ಚಿಹ್ನೆ ಸಣ್ಣ ವಿಷಯವಲ್ಲ. ಪೈ ಬಾಯಿಗೆ ಬರುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದಿದೆ ಅಂತ ಅರ್ಥ. ಪ್ರೊಸೆಸರ್ ವೇಗ ತಗ್ಗುತ್ತೆ, ಯುಎಸ್‌ಬಿ ಸಾಧನಗಳು ಬಿಟ್ಟುಬಿಟ್ಟು ಬರುತ್ತವೆ, ಆಂಡ್ರಾಯ್ಡ್ ಆಟೋ ಕಡಿದುಹೋಗುತ್ತೆ, ಜನ ಫೋನನ್ನು ಬೈಯುತ್ತಾರೆ.

ಕಾರಣ ಬಹುಪಾಲು ಕೇಬಲ್. ಸಾದಾ ಯುಎಸ್‌ಬಿ ಕೇಬಲ್ಲಿನಲ್ಲಿ 28 ಗೇಜ್ ತಂತಿ ಇದ್ದರೆ ಮೀಟರಿಗೆ 0.21 ಓಮ್. ಹೋಗುವ ತಂತಿ, ಬರುವ ತಂತಿ ಸೇರಿ 0.42. ಪೈ ಒಂದೂವರೆ ಆಂಪ್ ಎಳೆದರೂ 0.63 ವೋಲ್ಟ್ ದಾರಿಯಲ್ಲೇ ಖರ್ಚು, 5.1 ಹೊರಟದ್ದು 4.5ರ ಆಸುಪಾಸಿಗೆ ಬಂತು. ಅದೇ 20 ಗೇಜ್ ತಂತಿ ಮೀಟರಿಗೆ 0.033 ಓಮ್, ನಷ್ಟ 0.1 ವೋಲ್ಟ್ ಅಷ್ಟೇ. ಆದ್ದರಿಂದ ಉದ್ದ ಓಡುವುದು 12 ವೋಲ್ಟ್ ಆಗಿರಲಿ, 5 ವೋಲ್ಟ್ ಒಂದು ಗೇಣು ದಾಟಬಾರದು. ಕನ್ವರ್ಟರನ್ನು ಪೈ ಪಕ್ಕದಲ್ಲೇ ಕೂರಿಸಿ.

ಇನ್ನೊಂದು ಕಾರಣ ಫೋನ್. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪ್. ಟಚ್, ಜಿಪಿಎಸ್, ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಆಡಿಯೋವನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವುದು) ಇದ್ದರೆ ಎಲ್ಲ ಅದರಲ್ಲೇ ತಿನ್ನಬೇಕು. ಫೋನಿಗೆ ಪ್ರತ್ಯೇಕ ಪವರ್ ಇರುವ ಯುಎಸ್‌ಬಿ ಹಬ್ ಹಾಕಿ, ಹಬ್‌ಗೆ ಕನ್ವರ್ಟರಿನಿಂದಲೇ ಬೇರೆ ಜೋಡಿ ತಂತಿ ಎಳೆಯಿರಿ. ಹಬ್‌ನಿಂದ ಪೈ ಕಡೆಗೆ 5 ವೋಲ್ಟ್ ಹಿಂದಕ್ಕೆ ಹರಿಯುವಂಥ ಅಗ್ಗದ ಹಬ್ ಆದರೆ, ಆ ಕೇಬಲ್ಲಿನ ಕೆಂಪು ತಂತಿ ಕತ್ತರಿಸಿ. ಇಲ್ಲದಿದ್ದರೆ ಕರೆಂಟು ಹಿತ್ತಿಲ ಬಾಗಿಲಿಂದ ಪೈಗೆ ಬರುತ್ತೆ.

ರಿಲೇರಂಗ ಹೇಳಿದ ಫ್ಯೂಸ್ ಬಗ್ಗೆ ಒಂದು ಮಾತು: ಫ್ಯೂಸ್ ಇರುವುದು ಪೈ ಉಳಿಸಲಿಕ್ಕಲ್ಲ, ವೈರಿಗೆ ಬೆಂಕಿ ಬೀಳದಿರಲಿಕ್ಕೆ. ಹಾಗಾಗಿ ಅದು ವೈರಿನ ಮೂಲದ ಹತ್ತಿರ ಇರಬೇಕು, ಪೈ ಹತ್ತಿರ ಅಲ್ಲ. ಪೈ ಮತ್ತು ಸ್ಕ್ರೀನಿಗೆ 1 ಚದರ ಮಿಲಿಮೀಟರ್ ವೈರ್ ಧಾರಾಳ. ಆಂಪ್ಲಿಫೈಯರಿಗೆ ಬೇರೆ ಲೈನ್, 2.5 ಚದರ ಮಿಮೀ, 15 ಆಂಪ್ ಫ್ಯೂಸ್. ಜೋಡಣೆಗಳಿಗೆ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಇನ್ಸುಲೇಷನ್ ಟೇಪ್ ಡ್ಯಾಶ್ ಒಳಗಿನ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಶಬ್ದಶೋಧ

ಎರಡನೇ ಪ್ರಶ್ನೆ. ಜಾಕ್‌ನಿಂದ ಕೊಡಬಹುದು, ಕೇಳಲಿಕ್ಕಾಗಲ್ಲ. ಪೈ 4ರ ಜಾಕ್ ಒಳಗೆ ನಿಜವಾದ ಡ್ಯಾಕ್ ಇಲ್ಲ, ಪಿಡಬ್ಲ್ಯೂಎಂ (ಬಹಳ ವೇಗವಾಗಿ ಹತ್ತಿ ಆರುವ ಸಿಗ್ನಲ್) ಸೋಸಿ ಕೊಡುತ್ತಾರೆ, ಹಿನ್ನೆಲೆಯಲ್ಲಿ ಸುಯ್‌ ಅನ್ನುವುದು ಸದಾ ಇರುತ್ತೆ. ಪಿಸಿಎಂ5102ಎ ಐ2ಎಸ್ ಬೋರ್ಡ್ (ಪೈ ಪಿನ್‌ಗಳಿಂದ ಡಿಜಿಟಲ್ ಆಡಿಯೋ ಪಡೆಯುವ ಡ್ಯಾಕ್) ಹಾಕಿ: ಬಿಸಿಕೆ ಜಿಪಿಐಒ 18ಕ್ಕೆ, ಎಲ್‌ಆರ್‌ಸಿಕೆ 19ಕ್ಕೆ, ಡಿನ್ 21ಕ್ಕೆ, ಎಸ್‌ಸಿಕೆ ಅರ್ಥ್‌ಗೆ. ಎಸ್‌ಸಿಕೆ ತೇಲುತ್ತಾ ಬಿಟ್ಟರೆ ಕೆಲವೊಮ್ಮೆ ಸದ್ದು ಬರುತ್ತೆ, ಕೆಲವೊಮ್ಮೆ ಇಲ್ಲ, ತಲೆ ಕೆಡುತ್ತೆ. ಹೈಫೈಬೆರ್ರಿ-ಡ್ಯಾಕ್ ಓವರ್‌ಲೇ ಸಾಕು. ಮೇಲೆ ಹೇಳಿದ 17, 26ಕ್ಕೆ ಡಿಕ್ಕಿ ಇಲ್ಲ.

ಇನ್ನು ಗಾಡಿಯಲ್ಲಿ ಕಾಯುತ್ತಿರುವುದು ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರುವ ಕೀರಲು. ಆಲ್ಟರ್ನೇಟರ್‌ನ ಏರಿಳಿತ ಅರ್ಥ್ ಮೂಲಕ ಆಡಿಯೋಗೆ ನುಸುಳುವುದರಿಂದ ಅದು ಬರುತ್ತೆ. ಫಿಲ್ಟರ್ ಕೊಳ್ಳುವ ಮೊದಲು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಎಂಜಿನ್ ಓಡುತ್ತಿರಲಿ, ಆಂಪ್ಲಿಫೈಯರಿನ ಇನ್‌ಪುಟ್ ಕಿತ್ತುಬಿಡಿ. ಕೀರಲು ಇನ್ನೂ ಇದ್ದರೆ ಆಂಪ್ಲಿಫೈಯರಿನ ಪವರ್ ಅಥವಾ ಅರ್ಥ್ ಕೆಟ್ಟದ್ದು. ನಿಂತರೆ ಇನ್‌ಪುಟ್ ಮತ್ತೆ ಸಿಕ್ಕಿಸಿ, ಪೈಯನ್ನು ಪವರ್ ಬ್ಯಾಂಕ್ ಮೇಲೆ ಓಡಿಸಿ. ಈಗ ನಿಂತಿತೇ? ಹಾಗಾದರೆ ಪೈನ ಪವರ್ ಅರ್ಥ್ ಮತ್ತು ಆಡಿಯೋ ಕೇಬಲ್ಲಿನ ಅರ್ಥ್ ಸೇರಿ ಒಂದು ಬಳೆ ಆಗಿದೆ. ಪೈ, ಸ್ಕ್ರೀನ್, ಆಂಪ್ಲಿಫೈಯರ್ ಮೂರರ ಅರ್ಥ್ ಒಂದೇ ಬೋಲ್ಟಿಗೆ ತನ್ನಿ, ಬಾಡಿಯ ಪೇಂಟ್ ಕೆರೆದು. ಅದಕ್ಕೂ ಹೋಗದಿದ್ದರೆ ಐಸೊಲೇಟೆಡ್ ಡಿಸಿ ಕನ್ವರ್ಟರ್, ಇಲ್ಲವೇ ಆಡಿಯೋ ಲೈನಿನಲ್ಲಿ 600:600 ಓಮ್ ಟ್ರಾನ್ಸ್‌ಫಾರ್ಮರ್. ಅಗ್ಗದ ಚಿಕ್ಕ ಟ್ರಾನ್ಸ್‌ಫಾರ್ಮರ್ ಬಾಸನ್ನು ತಿನ್ನುತ್ತೆ, ಅದಕ್ಕೇ ಅದು ಕೊನೆಯ ಉಪಾಯ.

ಟಿಡಿಎ7388 ಬಗ್ಗೆ: ಡಬ್ಬದ ಮೇಲೆ ಏನೇ ಬರೆದಿರಲಿ, 14.4 ವೋಲ್ಟ್, 4 ಓಮ್‌ಗೆ ಚಾನೆಲ್‌ಗೆ 25 ವ್ಯಾಟ್ ಆಸುಪಾಸು, ಅದೂ 10 ಶೇಕಡಾ ವಿರೂಪದ ಹೊತ್ತಿಗೆ. ಕಂಪನಿ ಸ್ಪೀಕರಿಗೆ ಸಾಕು. ಔಟ್‌ಪುಟ್ ಬ್ರಿಡ್ಜ್ ಮಾದರಿ, ಸ್ಪೀಕರಿನ ಎರಡೂ ತಂತಿಯಲ್ಲಿ ಸಿಗ್ನಲ್ ಇರುತ್ತೆ. ನೆಗೆಟಿವ್ ಅಂತ ಬಾಡಿಗೆ ಕಟ್ಟಿದರೆ ಚಿಪ್ ರಕ್ಷಣೆಗೆ ಹೋಗುತ್ತೆ ಅಥವಾ ಹೊಗೆ ಬಿಡುತ್ತೆ. ಸ್ಟ್ಯಾಂಡ್‌ಬೈ ಪಿನ್‌ಗೆ 3.5 ವೋಲ್ಟ್ ಬೇಕು, ಪೈನ 3.3 ನಂಬಬೇಡಿ, ನಡುವೆ ಟ್ರಾನ್ಸಿಸ್ಟರ್ ಹಾಕಿ. ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ ಎದ್ದು ಎಲ್ಲಕ್ಕಿಂತ ಮೊದಲು ಮಲಗಬೇಕು. ಆಗ ಮಾತ್ರ ಆ ಧಪ್ ಅನ್ನುವ ಸದ್ದು ಹೋಗುತ್ತೆ.

ಎಫ್‌ಎಂ ರೇಡಿಯೋ ಬೇಕಿದ್ದರೆ ಈಗಲೇ ಹೇಳುತ್ತೇನೆ: ಬಕ್ ಕನ್ವರ್ಟರಿನ ಗದ್ದಲ 87.5ರಿಂದ 108 ಮೆಗಾಹರ್ಟ್ಸ್‌ವರೆಗೂ ಚಾಚುತ್ತೆ. ಕನ್ವರ್ಟರ್ ಲೋಹದ ಡಬ್ಬದಲ್ಲಿ, ಒಳಬರುವ ಹೊರಹೋಗುವ ತಂತಿಗೆ ಫೆರೈಟ್, ಆಂಟೆನಾ ಕೇಬಲ್ ಇನ್ನೊಂದು ಬದಿಯಲ್ಲಿ.

ಕ್ಯಾನ್‌ಕಿವಿ

ಮೂರನೇ ಪ್ರಶ್ನೆ. ಇಸಿಯು ಹಾಳಾಗುವ ಮೊದಲು ನಿಮ್ಮ ಪೈ ಹಾಳಾಗುತ್ತೆ. ಆ ನೀಲಿ ಮಾಡ್ಯೂಲಿನಲ್ಲಿ ಎಂಸಿಪಿ2515 ಮತ್ತು ಟಿಜೆಎ1050 (ಕ್ಯಾನ್ ತಂತಿಗೆ ಸಿಗ್ನಲ್ ಕೊಡುವ, ಪಡೆಯುವ ಚಿಪ್) ಎರಡೂ ಒಂದೇ ವಿಸಿಸಿ (ಪವರ್ ಲೈನ್) ಮೇಲಿವೆ. ಟಿಜೆಎ1050ಗೆ 5 ವೋಲ್ಟ್ ಬೇಕೇ ಬೇಕು. 5 ಕೊಟ್ಟರೆ ಎಂಸಿಪಿ2515 ಪೈನ ಎಂಐಎಸ್‌ಒ (ಪೈ ಡೇಟಾ ಓದುವ) ಪಿನ್‌ಗೆ 5 ವೋಲ್ಟ್ ತಳ್ಳುತ್ತೆ, ಪೈ ಪಿನ್ ತಡೆಯುವುದು 3.3. ಬೋರ್ಡಿನ ಮೇಲೆ ಟಿಜೆಎಗೆ ಹೋಗುವ ವಿಸಿಸಿ ಜಾಡು ಕೆರೆದು ಬೇರ್ಪಡಿಸಿ, ಆ ಚಿಪ್‌ನ 3ನೇ ಕಾಲಿಗೆ ಪ್ರತ್ಯೇಕ 5 ವೋಲ್ಟ್ ಬೆಸುಗೆ ಹಾಕಿ, ಉಳಿದದ್ದಕ್ಕೆ 3.3. ಬೆಸುಗೆಗೆ ಕೈ ಕೂರದಿದ್ದರೆ 3.3ರಲ್ಲೇ ಓಡುವ ಎಸ್‌ಎನ್65ಎಚ್‌ವಿಡಿ230 ಇರುವ ಬೋರ್ಡ್ ತನ್ನಿ.

ಮಾಡ್ಯೂಲಿನ ಮೇಲಿನ ಬೆಳ್ಳಿ ಬಣ್ಣದ ಕ್ರಿಸ್ಟಲ್ ಓದಿ. 8.000 ಇದ್ದರೆ ಓವರ್‌ಲೇಯಲ್ಲಿ ಆಸಿಲೇಟರ್ 8000000, 16.000 ಇದ್ದರೆ 16000000. ತಪ್ಪು ಬರೆದರೆ ದೋಷ ಸಂದೇಶ ಬರಲ್ಲ, ಕ್ಯಾನ್0 ಎದ್ದು ನಿಲ್ಲುತ್ತೆ, ಆದರೆ ಒಂದು ಫ್ರೇಮೂ ಬರಲ್ಲ. ಇಂಟರಪ್ಟ್ ಪಿನ್ 25.

ಒಬಿಡಿ ಸಾಕೆಟ್‌ನಲ್ಲಿ 6 ಕ್ಯಾನ್ ಹೈ, 14 ಕ್ಯಾನ್ ಲೋ, 4 ಬಾಡಿ ಅರ್ಥ್, 5 ಸಿಗ್ನಲ್ ಅರ್ಥ್, 16 ಸದಾ ಇರುವ 12 ವೋಲ್ಟ್. 16ರಿಂದ ಪೈಗೆ ಪವರ್ ತೆಗೆಯುವ ಆಸೆ ಬೇಡ, ಕಾರಣ ಮೇಲೆ ಇಬ್ಬರು ಹೇಳಿದ್ದಾರೆ. ಮೊದಲು ಲಿಸನ್-ಓನ್ಲಿ ಮೋಡ್‌ನಲ್ಲಿ 500 ಕಿಲೋಬಿಟ್‌ಗೆ ಎಬ್ಬಿಸಿ, ಕ್ಯಾನ್‌ಡಂಪ್ (ಬಸ್ ಮೇಲಿನ ಸಂದೇಶಗಳನ್ನು ತೋರಿಸುವ ಕಮಾಂಡ್) ಓಡಿಸಿ. ಆ ಮೋಡ್‌ನಲ್ಲಿ ಮಾಡ್ಯೂಲ್ ಬಸ್ ಮೇಲೆ ಒಂದು ಬಿಟ್ಟನ್ನೂ ಬರೆಯಲ್ಲ, ಅಕ್ನಾಲೆಜ್ ಕೂಡ ಕೊಡಲ್ಲ. ವೇಗ ತಪ್ಪಿದ್ದರೂ ಗಾಡಿಗೆ ತಿಳಿಯುವುದಿಲ್ಲ. ಸಾಮಾನ್ಯ ಮೋಡ್‌ನಲ್ಲಿ ತಪ್ಪು ವೇಗಕ್ಕೆ ಎಬ್ಬಿಸಿದರೆ ಮಾಡ್ಯೂಲ್ ಎರರ್ ಫ್ರೇಮ್ ಚೆಲ್ಲಿ ಬಸ್ ಕೆಡಿಸುತ್ತೆ, ಮೀಟರಿನಲ್ಲಿ ಒಂದರ ಹಿಂದೆ ಒಂದು ವಾರ್ನಿಂಗ್ ದೀಪ ಹತ್ತುತ್ತವೆ. ಹೊಸ ಗಾಡಿಗಳಲ್ಲಿ ಒಬಿಡಿ ಹಿಂದೆ ಗೇಟ್‌ವೇ (ಸಂದೇಶಗಳನ್ನು ಸೋಸಿ ಬಿಡುವ ಯೂನಿಟ್) ಇರುತ್ತೆ. ಅಲ್ಲಿ ಕೇಳದೆ ಏನೂ ಬರಲ್ಲ, ಅದು ದೋಷವಲ್ಲ.

ಕೇಳುವ ವಿಧಾನ: ಸಾಮಾನ್ಯ ಮೋಡ್‌ನಲ್ಲಿ ಐಡಿ 7ಡಿಎಫ್‌ಗೆ ಎಂಟು ಬೈಟ್ ಕಳಿಸಿ, 02 01 05, ಉಳಿದ ಐದು ಸೊನ್ನೆ. ಎಂಜಿನ್ ಇಸಿಯು ಸಾಮಾನ್ಯವಾಗಿ 7ಇ8ರಿಂದ ಉತ್ತರಿಸುತ್ತೆ. 03 41 05 7ಬಿ ಬಂತು ಅನ್ನಿ: ಹೆಕ್ಸ್ (ಹದಿನಾರರ ಎಣಿಕೆ) 7ಬಿ ಅಂದರೆ 123, ಅದರಿಂದ 40 ಕಳೆದರೆ ಕೂಲೆಂಟ್ 83 ಡಿಗ್ರಿ. ಆರ್‌ಪಿಎಂಗೆ 05ರ ಬದಲು 0ಸಿ. ಉತ್ತರದಲ್ಲಿ 0ಸಿ ನಂತರದ ಮೊದಲ ಬೈಟನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿ, 4ರಿಂದ ಭಾಗಿಸಿ. ವೇಗ 0ಡಿ, ನೇರ ಕಿಲೋಮೀಟರ್. ಸೆಕೆಂಡಿಗೆ ಐದಾರು ಸಲ ಕೇಳಿದರೆ ಧಾರಾಳ, ಕೂಲೆಂಟನ್ನು ಐದು ಸೆಕೆಂಡಿಗೊಮ್ಮೆ ಕೇಳಿ.

ಸ್ಟೀರಿಂಗ್ ಬಟನ್ ಕ್ಯಾನ್‌ನಲ್ಲಿ ಇಲ್ಲದಿದ್ದರೆ ಬಹುಶಃ ರೆಸಿಸ್ಟರ್ ಏಣಿ: ಒಂದೇ ತಂತಿ, ಪ್ರತಿ ಬಟನ್‌ಗೆ ಬೇರೆ ಓಮ್. ಸ್ಟೀರಿಯೋ ಹಿಂದಿನ ಸಾಕೆಟ್‌ನಲ್ಲೇ ಆ ತಂತಿ ಸಿಗುತ್ತೆ. 3.3ರಿಂದ 1 ಕಿಲೋ ಓಮ್ ಪುಲ್ ಅಪ್ ಹಾಕಿ ಎಡಿಎಸ್1115ರಿಂದ (ವೋಲ್ಟೇಜ್ ಅಳೆಯುವ ಚಿಪ್) ಓದಿ. ಒಂದೇ ಓದುವಿಕೆ ನಂಬಬೇಡಿ, ಸತತ ಮೂರು ಹೊಂದಿದರೆ ಮಾತ್ರ ಒತ್ತಿದ್ದಾರೆ ಅಂತ ತಿಳಿಯಿರಿ. ಇಲ್ಲದಿದ್ದರೆ ವಾಲ್ಯೂಮ್ ಒತ್ತಿದರೆ ಹಾಡು ಬದಲಾಗುತ್ತೆ. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಲು ಹೋಗಬೇಡಿ, ಅಲ್ಲಿ ಏರ್‌ಬ್ಯಾಗ್ ಇದೆ. ಡ್ಯಾಶ್ ಒಳಗೆ ಹಳದಿ ಕವಚದ ವೈರ್ ಕಂಡರೆ ಅದೂ ಏರ್‌ಬ್ಯಾಗಿನದ್ದೇ, ಮೀಟರ್ ಕೂಡ ತಾಗಿಸಬಾರದು.

ಬಿಸಿಲುಗನ್ನಡಿ

ನಾಲ್ಕನೆಯದಕ್ಕೆ ಚಿಕ್ಕ ಉತ್ತರ: ಕ್ಯಾಮೆರಾವನ್ನು ಪೈ ಮೂಲಕ ತರಬೇಡಿ. ಪೈ ಬೂಟ್ ಆಗಲು ಇಪ್ಪತ್ತು ಮೂವತ್ತು ಸೆಕೆಂಡ್. ಜನ ಗಾಡಿ ಸ್ಟಾರ್ಟ್ ಮಾಡಿ ಮೊದಲು ಹಾಕುವುದೇ ರಿವರ್ಸ್. ಮೇಲೆ ಕ್ಯಾಪ್ಚರ್ ಕಡ್ಡಿಯ ವಿಳಂಬ ಬೇರೆ. ಹಿಂದೆ ಮಗು ಬಂದರೆ ಚಿತ್ರ ತಡವಾಗಿ ಬರುವುದು ತಮಾಷೆಯಲ್ಲ. ಎವಿ ಇನ್‌ಪುಟ್ ಮತ್ತು ರಿವರ್ಸ್ ಟ್ರಿಗರ್ ತಂತಿ ಇರುವ ಸ್ಕ್ರೀನ್ ತನ್ನಿ, ರಿವರ್ಸ್ ದೀಪದ 12 ವೋಲ್ಟ್ ಟ್ರಿಗರ್‌ಗೆ ಕೊಡಿ. ಪೈ ಸತ್ತಿದ್ದರೂ ಕ್ಯಾಮೆರಾ ಬರುತ್ತೆ.

ಹೇಗೂ ಸ್ಕ್ರೀನ್ ಬದಲಿಸಬೇಕಾಗುತ್ತೆ. ಮೇಜಿಗೆ ಮಾಡಿದ ಸ್ಕ್ರೀನ್‌ಗಳ ಬೆಳಕು 250ರಿಂದ 350 ನಿಟ್ಸ್. ಹಗಲು ಡ್ಯಾಶ್ ಮೇಲೆ ನಿಮ್ಮ ಮುಖ ಕಾಣುತ್ತೆ, ಮ್ಯಾಪ್ ಕಾಣಲ್ಲ. 800ರಿಂದ 1000 ಇರಲಿ. ಆದರೆ ರಾತ್ರಿ ಅದೇ ಕಣ್ಣು ಕುಕ್ಕುತ್ತೆ, ಹೆಡ್‌ಲೈಟ್ ಜೊತೆ ಬರುವ ಇಲ್ಯುಮಿನೇಷನ್ ತಂತಿಯನ್ನು ಇನ್ನೊಂದು ಪಿಸಿ817 ಮೂಲಕ ಓದಿ ಬೆಳಕು ತಗ್ಗಿಸಿ.

ಬಿಸಿ: ಪೈ 4ಕ್ಕೆ ಹೇಳಿರುವ ಸುತ್ತಲಿನ ತಾಪಮಾನ 0ಯಿಂದ 50 ಡಿಗ್ರಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್ ಮೇಲ್ಮೈ ಅದನ್ನು ಬಹಳ ದಾಟುತ್ತೆ. ಪೈಯನ್ನು ಸ್ಕ್ರೀನ್ ಬೆನ್ನಿಗೆ ಅಂಟಿಸದೆ ಕೆಳಗೆ, ಗ್ಲೋವ್ ಬಾಕ್ಸ್ ಹಿಂದೆ ಇಡಿ. ಲಿಥಿಯಂ ಬ್ಯಾಟರಿ ಇರುವ ಯುಪಿಎಸ್ ಹ್ಯಾಟ್ (ಪೈ ಮೇಲೆ ಕೂರುವ ಬ್ಯಾಕಪ್ ಬೋರ್ಡ್) ಗಾಡಿಯೊಳಗೆ ಬೇಡವೇ ಬೇಡ. ಫ್ರೇಮ್ 3ಡಿ ಪ್ರಿಂಟ್ ಮಾಡುವುದಾದರೆ ಪಿಎಲ್‌ಎ 60 ಡಿಗ್ರಿಗೆ ಮೆತ್ತಗಾಗಿ ಜೋತುಬೀಳುತ್ತೆ, ಎಎಸ್‌ಎ ಅಥವಾ ಎಬಿಎಸ್ ಬಳಸಿ. ಡಬಲ್ ಡಿನ್ ಬಾಯಿ 180 × 100 ಮಿಮೀ. 7 ಇಂಚಿನ ಪ್ಯಾನೆಲ್ ಕೂರುತ್ತೆ, ಅದರ ಕಂಟ್ರೋಲರ್ ಬೋರ್ಡ್ ಮತ್ತು ಪಕ್ಕಕ್ಕೆ ಚಾಚುವ ಎಚ್‌ಡಿಎಂಐ ಪ್ಲಗ್ ಕೂರಲ್ಲ. ಎಲ್ ಆಕಾರದ ಚಪ್ಪಟೆ ಕೇಬಲ್ ಮೊದಲೇ ಹುಡುಕಿಡಿ.

ಬೈಟುಬಾವಿ

ಸಾಫ್ಟ್‌ವೇರ್ ಬಗ್ಗೆ ಯಾರೂ ಬರೆದಿಲ್ಲ, ಎರಡು ಮಾತು. ಪೈ 5ಕ್ಕೆ ಹೋಗೋಣ ಅನ್ನಿಸಿದರೆ ತಡೆಯಿರಿ. ಆಂಡ್ರಾಯ್ಡ್ ಆಟೋ ವೀಡಿಯೋ ಎಚ್.264ರಲ್ಲಿ ಬರುತ್ತೆ, ಪೈ 4ರಲ್ಲಿ ಅದನ್ನು ಬಿಚ್ಚುವ ಹಾರ್ಡ್‌ವೇರ್ ಇದೆ, ಪೈ 5ರಲ್ಲಿ ತೆಗೆದುಹಾಕಿದ್ದಾರೆ. ಪೈ 5ರ ಪ್ರೊಸೆಸರ್ 720ಪಿಯನ್ನು ಆರಾಮಾಗಿ ಬಿಚ್ಚುತ್ತೆ, ಆದರೆ ಬಿಸಿ ಜಾಸ್ತಿ, 5 ಆಂಪ್ ಸಪ್ಲೈ ಬೇಕು, 3.5 ಎಂಎಂ ಜಾಕ್ ಕೂಡ ಇಲ್ಲ. ಈ ಕೆಲಸಕ್ಕೆ 4 ಸಾಕು. ಕಾರ್‌ಪ್ಲೇ ಬೇಕೆಂದರೆ ಬರೀ ಸಾಫ್ಟ್‌ವೇರಿನಿಂದ ಆಗಲ್ಲ, ಆಪಲ್‌ನ ದೃಢೀಕರಣ ಚಿಪ್ ಬೇಕು. ಅದಕ್ಕೇ ಕಾರ್ಲಿಂಕಿಟ್ ಥರದ ಯುಎಸ್‌ಬಿ ಡಾಂಗಲ್ ಹಾಕಿ ರಿಯಾಕ್ಟ್-ಕಾರ್‌ಪ್ಲೇ ಸಾಫ್ಟ್‌ವೇರ್ ಓಡಿಸುತ್ತಾರೆ.

ಎಲ್ಲ ಸರಿಹೋದ ಮೇಲೆ ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ (ಮೇಲಿನ ಓವರ್‌ಲೇಗಳಿಗೂ ಇದಕ್ಕೂ ಸಂಬಂಧವಿಲ್ಲ) ಆನ್ ಮಾಡಿ. ಬರೆಯುವುದೆಲ್ಲ ರ‍್ಯಾಮ್‌ಗೆ ಹೋಗುತ್ತೆ, ಕಾರ್ಡ್ ಮುಟ್ಟಲ್ಲ, ಆಗ ಪವರ್ ಕಿತ್ತರೂ ಚಿಂತೆ ಕಡಿಮೆ. ರಿಲೇರಂಗ ಹೇಳಿದ ಮೊದಲ ಊನದಲ್ಲಿ ಬೂಟ್ ಮತ್ತೆ ಮೊದಲಿಂದ ಆದರೂ ಕಾರ್ಡ್ ಕೆಡದಿರಲು ಇದೇ ಮದ್ದು. ಆದರೆ ಫೋನಿನ ಬ್ಲೂಟೂತ್ ಜೋಡಣೆಯನ್ನು ಆನ್ ಮಾಡುವ ಮೊದಲೇ ಮುಗಿಸಿ. ಆಮೇಲೆ ಜೋಡಿಸಿದ್ದು ಕೀ ತೆಗೆದ ಕೂಡಲೇ ಮರೆತುಹೋಗುತ್ತೆ. ಪದೇ ಪದೇ ಹೊಸ ಫೋನ್ ಬರುವುದಾದರೆ ಬ್ಲೂಟೂತ್ ಫೋಲ್ಡರನ್ನು ಬೇರೆ ಪಾರ್ಟಿಷನ್ನಿಗೆ ಸರಿಸಿ. ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ, ಡಿಎಸ್3231 ಹಾಕಿ. ಬೂಟ್ ನಿಧಾನ ಅನ್ನಿಸಿದರೆ ಸಿಸ್ಟಮ್‌ಡಿ-ಅನಲೈಜ್‌ನ ಬ್ಲೇಮ್ ಪಟ್ಟಿ ನೋಡಿ. ನೆಟ್‌ವರ್ಕ್‌ಮ್ಯಾನೇಜರ್-ವೇಟ್-ಆನ್‌ಲೈನ್ ಮೇಲ್ಗಡೆಯೇ ಕೂತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಗಾಡಿಯಲ್ಲಿ ಇಲ್ಲದ ನೆಟ್‌ವರ್ಕಿಗೆ ಅದು ಸುಮ್ಮನೆ ಕಾಯುತ್ತಿರುತ್ತೆ.

ಎರಡನೇಗೇರ್

ಎಲ್ಲರಿಗೂ ಧನ್ಯವಾದ. ಎಲ್‌ಎಂ2596 ಪಕ್ಕಕ್ಕಿಟ್ಟೆ. ಟಿಜೆಎಗೆ ಬೇರೆ 5 ವೋಲ್ಟ್ ಕೊಟ್ಟೆ, ಕ್ರಿಸ್ಟಲ್ 8.000 ಇತ್ತು, ಓವರ್‌ಲೇ ತಿದ್ದಿದೆ. ಗಾಡಿ ಮಲಗಿದ ಮೇಲೆ ಒಬಿಡಿಯ 6 ಮತ್ತು 14ರ ನಡುವೆ ಮೀಟರ್ 60 ಓಮ್ ತೋರಿಸುತ್ತೆ. ಮಾಡ್ಯೂಲ್ ಸಿಕ್ಕಿಸಿದರೆ 40. ಇದು ಸರಿಯಾ?

ಕ್ಯಾನ್‌ಕಿವಿ

60 ಸರಿ. ಬಸ್‌ನ ಎರಡು ತುದಿಯಲ್ಲಿ ತಲಾ 120 ಓಮ್, ಸಮಾನಾಂತರದಲ್ಲಿ 60. 40 ಅಂದರೆ ನಿಮ್ಮ ಮಾಡ್ಯೂಲ್ ಮೂರನೇ 120 ಸೇರಿಸುತ್ತಿದೆ. ಸ್ಕ್ರೂ ಟರ್ಮಿನಲ್ ಪಕ್ಕದಲ್ಲಿ ಜೆ1 ಅಂತ ಎರಡು ಪಿನ್ ಮೇಲೆ ಕಪ್ಪು ಜಂಪರ್ ಇರುತ್ತೆ ನೋಡಿ, ಕಿತ್ತುಹಾಕಿ. ಮತ್ತೆ ಅಳೆದು 60 ಬಂದರೆ ಮಾತ್ರ ಕೀ ಹಾಕಿ.